ವರ್ಚಸ್ಸು, ಇತ್ಯಾದಿ

ಕಂಬದೂರು,
ಗಾಳಿ ತಿಂಗಳ ನಲವತ್ತಮೂರನೆಯ ದಿನ, ೨೨೧೭

ಇಪ್ಪತ್ತೊಂದನೆಯ ಶತಮಾನದಲ್ಲಿ ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಒಂದೆರಡು ಗಂಟೆ ರಾಜರೂ ರಾಕ್ಷಸರೂ ಆಗಿ ಬಾಳುವ ಹಿರಿಯರಿಗೆ,

ಮೇಲಿನ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಎಂಟು ತಿಂಗಳು, ತಿಂಗಳಿಗೆ ನಲವತ್ತೈದು ದಿನ. ಮಿಕ್ಕ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ಬಿಡುವಿಗೆ ಇಟ್ಟುಕೊಂಡಿದ್ದೇವೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ದಿನಪತ್ರಿಕೆಗಳ ಕಟ್ಟುಗಳಿಂದ ಕಲಿತವನು. ಹಾಗಾಗಿ ಮನಸ್ಸಿನ ಮಾತೂ ಒಮ್ಮೊಮ್ಮೆ ವರದಿಯಂತೆ ಕೇಳಿಸೀತು.

ಈ ಬಗೆಯ ಬರಹಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಹಿಂದಿನವರಿಗೆ ಬರೆಯುವ ಓಲೆ. ಊರ ಕೆಲಸದಲ್ಲಿ ತಪ್ಪಿದವರು ಇದನ್ನು ಬರೆಯಬೇಕು, ಅದು ಸಭೆಯಲ್ಲಿ ಓದಲ್ಪಡಬೇಕು. ಮುಂದಿನವರಿಗೆ ಬರೆಯ ಕೂತರೆ ಮನುಷ್ಯ ಉಪದೇಶಕ್ಕೆ ಇಳಿಯುತ್ತಾನೆ, ಹಿಂದಿನವರಿಗೆ ಬರೆದರೆ ಒಪ್ಪಿಕೊಳ್ಳುತ್ತಾನೆ ಎಂದು ನಮ್ಮ ಹಿರಿಯರು ಕಂಡುಕೊಂಡಿದ್ದಾರೆ. ನಿಮಗೆ ಇದು ತಲುಪುವುದಿಲ್ಲ ಎಂದು ನನಗೆ ಗೊತ್ತು. ಆದರೆ ಈ ಓಲೆಯ ಮೇಲೆ ದ್ಯಾಮವ್ವ ಕಡೇಮನಿ ಎಂಬ ಹೆಂಗಸಿನ ಏಳು ವರ್ಷ ನಿಂತಿದೆ. ಆಕೆಯ ಬಗ್ಗೆ ನಾನು ಬರೆದ ಒಂದು ವಾಕ್ಯದಿಂದ ಹಾಗಾಯಿತು. ಅದನ್ನೇ ಹೇಳಲು ಹೊರಟಿದ್ದೇನೆ.

ಕಂಬದೂರು ಕಪ್ಪತಗುಡ್ಡದ ಬೆನ್ನಿನ ಮೇಲಿದೆ. ಇಲ್ಲಿ ನೂರಾ ಹನ್ನೆರಡು ಗಾಳಿಕಂಬಗಳಿವೆ. ನಿಮ್ಮ ಕಾಲದವು ಎಷ್ಟೋ ಬಿದ್ದುಹೋದವು. ಇವು ನಾವು ನಿಲ್ಲಿಸಿಕೊಂಡವು. ಊರಿನ ನೀರು, ದೀಪ, ಹಿಟ್ಟಿನ ಗಿರಣಿ ಎಲ್ಲವೂ ಇವುಗಳ ಋಣದಲ್ಲಿವೆ. ನಸುಕಿನಿಂದ ಹತ್ತರವರೆಗೆ ಕೆಲಸ ಮಾಡುತ್ತೇವೆ. ಹತ್ತರಿಂದ ನಾಲ್ಕರವರೆಗೆ ಬಿಸಿಲಿನಲ್ಲಿ ಯಾರೂ ಓಡಾಡುವಂತಿಲ್ಲ, ಅದು ಮುಚ್ಚುಹೊತ್ತು. ಆಗ ಎಲ್ಲರೂ ಹಗೇವಿಗೆ ಇಳಿಯುತ್ತೇವೆ. ನಿಮ್ಮ ಅಜ್ಜಂದಿರು ಜೋಳ ತುಂಬಿಡಲು ನೆಲದಲ್ಲಿ ತೋಡುತ್ತಿದ್ದ ಹಗೇವನ್ನು ನಾವು ಅಗಲಿಸಿ, ಕಲ್ಲು ಕಟ್ಟಿ, ಕೂರುವ ಕೋಣೆ ಮಾಡಿಕೊಂಡಿದ್ದೇವೆ. ಒಳಗೆ ತಂಪು, ಸ್ವಲ್ಪ ಮಣ್ಣಿನ ವಾಸನೆ. ಸಜ್ಜೆ ರೊಟ್ಟಿ, ಪಾಪಾಸುಕಳ್ಳಿಯ ಪಲ್ಯ, ಒಂದು ಗಡಿಗೆ ಮಜ್ಜಿಗೆ ಇಟ್ಟುಕೊಂಡು ಆರು ತಾಸು ಕಳೆಯಬೇಕು. ನಿಮ್ಮ ಆಟ ನಮ್ಮ ಊರಿನಲ್ಲಿ ಉಳಿದದ್ದು ಈ ಆರು ತಾಸುಗಳಿಂದ.

ಅದು ನಮಗೆ ಬಂದದ್ದು ಇನ್ನೂರು ಪುಟದ ಒಂದು ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ. ನಿಮ್ಮಲ್ಲಿ ಯಾರೋ ಒಬ್ಬರು, ಹೆಸರು ಬರೆದಿಲ್ಲ, ಆಟದ ನಿಯಮಗಳನ್ನೆಲ್ಲ ನೀಲಿ ಶಾಯಿಯಲ್ಲಿ ಕನ್ನಡಕ್ಕೆ ಇಳಿಸಿದ್ದಾರೆ. ಪ್ರತಿಯೊಂದು ಪಾತ್ರಕ್ಕೂ ಆರು ಗುಣ: ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಮೂರು ದಾಳ ಹಾಕಿ ಒಂದೊಂದಕ್ಕೂ ಸಂಖ್ಯೆ ಪಡೆಯಬೇಕು. ಹದಿನೆಂಟಕ್ಕಿಂತ ಮೇಲಿಲ್ಲ. ಮೊದಲ ಐದು ಗುಣಗಳನ್ನು ಆ ಪುಣ್ಯಾತ್ಮರು ಅರ್ಧರ್ಧ ಪುಟ ವಿವರಿಸಿದ್ದಾರೆ. ಆರನೆಯದಕ್ಕೆ ಬರುವ ಹೊತ್ತಿಗೆ ಕೈಸೋತಿರಬೇಕು, ಅಥವಾ ಊಟಕ್ಕೆ ಕರೆದಿರಬೇಕು. ವರ್ಚಸ್ಸಿನ ಮುಂದೆ ಮೂರೇ ಪದಗಳಿವೆ: ಚೆಲುವು, ಮಾತುಗಾರಿಕೆ, ಇತ್ಯಾದಿ. ನಾವು ಮೊದಲ ಎರಡನ್ನು ಹಿಡಿದುಕೊಂಡೆವು. ಇತ್ಯಾದಿಯಲ್ಲಿ ಏನಿದ್ದೀತು ಎಂದು ನೂರು ವರ್ಷ ಯಾರೂ ಕೇಳಲಿಲ್ಲ.

ನಿಮಗೆ ಇದು ವಿನೋದ. ನಮಗೆ ವಿನೋದವೂ ಹೌದು, ಪರೀಕ್ಷೆಯೂ ಹೌದು. ಗಾಳಿಕಂಬ ಹತ್ತುವ ತಂಡದಲ್ಲಿ ನಾಲ್ಕು ಜನ ಇರುತ್ತಾರೆ. ಆ ನಾಲ್ವರು ಕಂಬ ಮುಟ್ಟುವ ಮೊದಲು ಒಂದು ವರ್ಷ ಒಂದೇ ಹಗೇವಿನಲ್ಲಿ ಕೂತು ಈ ಆಟ ಆಡಬೇಕು. ನೂರು ಅಡಿ ಮೇಲೆ ಯಾರು ಹೇಗೆ ಎಂದು ತಿಳಿಯುವುದಕ್ಕಿಂತ ನೆಲದ ಕೆಳಗೆ, ಸುಳ್ಳು ರಾಕ್ಷಸನ ಮುಂದೆ ತಿಳಿಯುವುದು ಕ್ಷೇಮ. ಆಟ ನಡೆಸುವವನನ್ನು ಕೂಟಗಾರ ಎನ್ನುತ್ತೇವೆ, ಕರೆಯುವುದು ಮಾಸ್ತರ ಎಂದು. ಅವನು ಪ್ರತಿ ಕೂಟದಲ್ಲಿ ನಡೆದದ್ದನ್ನು ಬರೆದಿಡುತ್ತಾನೆ. ವರ್ಷದ ಕೊನೆಗೆ ತಂಡದ ಮುಂದಾಳು ಯಾರೆಂದು ಒಂದು ಹೆಸರು ಸೂಚಿಸುತ್ತಾನೆ, ಉಳಿದವರ ಬಗ್ಗೆ ಒಂದೊಂದು ವಾಕ್ಯ ಬರೆಯುತ್ತಾನೆ. ಆ ವಾಕ್ಯಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದುತ್ತಾರೆ. ಏಳು ವರ್ಷ ಅವನ್ನು ಅಳಿಸುವಂತಿಲ್ಲ. ನಾನು ಹತ್ತೊಂಬತ್ತು ವರ್ಷ ಕೂಟಗಾರನಾಗಿದ್ದೆ.

ಕಳೆದ ವರ್ಷದ ನನ್ನ ಕೂಟದ ನಾಲ್ವರನ್ನು ಹೇಳುತ್ತೇನೆ. ಖಾದರಸಾಬ ನದಾಫ, ಐವತ್ತೆಂಟರ ಮುದುಕ, ಗರಿಯಂತೆ ಹಗುರ. ಅವನ ಪಾತ್ರ ಹದಿನೆಂಟು ಬಲದ ರಾಕ್ಷಸ. ರೇಣವ್ವ, ಇಪ್ಪತ್ತಮೂರರವಳು, ಸಿಟ್ಟು ಬೇಗ, ನಗು ಅದಕ್ಕಿಂತ ಬೇಗ. ಅವಳದು ಬಿಲ್ಲುಗಾರ್ತಿಯ ಪಾತ್ರ. ವಿರೂಪಾಕ್ಷ ಹೊಂಬಳ, ಮಾತಿನ ಮಲ್ಲ, ಅವನಿದ್ದ ಹಗೇವಿನಲ್ಲಿ ಆರು ತಾಸು ಆರು ನಿಮಿಷ. ಅವನ ಪಾತ್ರ ಒಬ್ಬ ಕಳ್ಳ, ವರ್ಚಸ್ಸು ಬರೀ ಆರು. ನಾಲ್ಕನೆಯವಳು ದ್ಯಾಮವ್ವ. ಗಡೀಪಾರಾದ ರಾಣಿ ಅವಳ ಪಾಲಿಗೆ ಬಂದಿದ್ದಳು, ವರ್ಚಸ್ಸು ಹದಿನೆಂಟು. ದ್ಯಾಮವ್ವನಿಗೆ ಮಾತು ತಡೆಯುತ್ತದೆ. ಮೊದಲ ಅಕ್ಷರದಲ್ಲೇ ನಾಲಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಅದು ಬಿಟ್ಟ ಮೇಲೂ ಅವಳು ಅವಸರ ಮಾಡುವುದಿಲ್ಲ.

ವಿರೂಪಾಕ್ಷನ ಕಳ್ಳ ಸಿಕ್ಕಿಬಿದ್ದಾಗಲೆಲ್ಲ ನಾನು ದಾಳ ಹಾಕಿಸಬೇಕಾಗಿತ್ತು. ಆರು ವರ್ಚಸ್ಸಿನವನ ಮಾತನ್ನು ಕಾವಲುಗಾರ ನಂಬುವುದು ಕಷ್ಟ. ಆದರೆ ವಿರೂಪಾಕ್ಷ ತಾನು ಸತ್ತ ಅತ್ತೆಯ ತಿಥಿಗೆ ಹೊರಟವನೆಂದು ಎಂಥ ಕಥೆ ಕಟ್ಟುತ್ತಿದ್ದನೆಂದರೆ, ನಕ್ಕೂ ನಕ್ಕೂ ನಾನೇ ಕೋಟೆ ಬಾಗಿಲು ತೆರೆದುಬಿಡುತ್ತಿದ್ದೆ. ದಾಳ ಚೀಲದಲ್ಲೇ ಇರುತ್ತಿತ್ತು.

ಹದಿಮೂರನೆಯ ಕೂಟದಲ್ಲಿ ರಾಣಿ ಒಂದು ಸೇತುವೆಗೆ ಬಂದಳು. ಅದನ್ನು ಕಾಯುತ್ತಿದ್ದವರು ನೂರು ಎಲುಬುಗೂಡುಗಳು, ಒಂದು ಕಾಲಕ್ಕೆ ಅವಳದೇ ದಂಡಿನ ಸೈನಿಕರು. ಅವರು ದಾರಿ ಬಿಡಬೇಕು. ನೋಟ್‌ಬುಕ್ಕಿನ ಪ್ರಕಾರ ಇಪ್ಪತ್ತು ಮುಖದ ದಾಳ ಹಾಕಿದರೆ ಸಾಕು. ಹದಿನೆಂಟರವಳಿಗೆ ಅದು ಬಹುತೇಕ ಗೆದ್ದಂತೆಯೇ. ನಾನು ದಾಳ ಕೊಡಲಿಲ್ಲ. ರಾಣಿ ಏನು ಹೇಳುತ್ತಾಳೋ ಹೇಳು ಎಂದೆ. ದ್ಯಾಮವ್ವನ ತುಟಿ ಅದುರಿತು, ಮಾತು ಹೊರಡಲಿಲ್ಲ. ನಾನು ಮರಳುಗಡಿಯಾರವನ್ನು ತಿರುಗಿಸಿಟ್ಟೆ. ಅದು ರೊಟ್ಟಿ ಬೇಯಿಸುವವರು ಬಳಸುವ ಸಣ್ಣ ಗಡಿಯಾರ. ಮರಳೆಲ್ಲ ಇಳಿಯಿತು. ಆಗ ನಾನು ಹೇಳಿದ ಮಾತು ಕೂಟದ ಬರಹದಲ್ಲಿ ನನ್ನ ಅಕ್ಷರದಲ್ಲೇ ಇದೆ.

"ಹಿಂಗ ಮಾತಾಡೋ ರಾಣಿ ಹಿಂದ ಯಾವ ದಂಡು ಬರತೈತಿ, ದ್ಯಾಮವ್ವ?"

ವಿರೂಪಾಕ್ಷ ನಕ್ಕ. ರೇಣವ್ವ ನಗು ತಡೆದುಕೊಂಡಳು. ಖಾದರಸಾಬ ಮಜ್ಜಿಗೆಯ ಲೋಟ ಕೆಳಗಿಟ್ಟು ಮೂಲೆಯಲ್ಲಿದ್ದ ಒರಳುಕಲ್ಲನ್ನು ತೋರಿಸಿದ.

"ಮಾಸ್ತರ, ನಂದು ರಾಕ್ಷಸನ ಪಾತ್ರ. ಹಂಗಾರ ನಾ ಎದ್ದು ಆ ಒಳ್ಳ ಎತ್ತಬೇಕೇನು? ಎತ್ತಿದೆ ಅಂದ್ರ ನಾಳೆ ನನ್ನ ಎತ್ತಾಕ ನಾಕ ಮಂದಿ ಬೇಕಾಗತೈತಿ ನೋಡ್ರಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನ ಮಾತನ್ನು ಪೂರ್ತಿ ಬರೆದುಕೊಂಡು, ಪಕ್ಕದಲ್ಲಿ 'ನಗು' ಎಂದು ಗುರುತು ಹಾಕಿದೆ. ಆಟ ನಡೆಸುವವನಿಗೆ ಕೊಡಬಹುದಾದ ಅತ್ಯಂತ ಗಂಭೀರ ಉತ್ತರವನ್ನು ಅವನು ಕೊಟ್ಟಿದ್ದ. ಬಲದ ಪಾತ್ರದವನಿಂದ ನಾನು ಕಲ್ಲು ಎತ್ತಿಸಲಿಲ್ಲ. ಬಿಲ್ಲುಗಾರ್ತಿಯಿಂದ ಬಾಣ ಬಿಡಿಸಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ನಾನು ದೇಹಕ್ಕೆ ಪರೀಕ್ಷೆ ಇಟ್ಟದ್ದು ಒಂದೇ ಗುಣಕ್ಕೆ, ಮತ್ತು ಅದರಲ್ಲಿ ಸೋಲುವುದು ಖಚಿತವಾಗಿದ್ದವಳಿಗೆ.

ಮುಂದಿನ ಕೂಟಕ್ಕೆ ದ್ಯಾಮವ್ವ ಬೇರೆ ಪಾತ್ರ ಕೇಳಿದಳು. ಮೂಕ ಕಲ್ಲುಕುಟಿಗನಾದರೆ ಸಾಕು ಎಂದಳು. ನಾನು ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ನನಗೆ ನಿರಾಳವಾಯಿತು ಎಂಬುದನ್ನೂ ಇಲ್ಲಿ ದಾಖಲಿಸಬೇಕು. ರಾಣಿಯನ್ನು ವಿರೂಪಾಕ್ಷನಿಗೆ ಕೊಟ್ಟೆ. ಅವನು ಸೆರಗಿನಂತೆ ಟವೆಲ್ಲು ಹೊದ್ದು ಆಡಿದ ರಾಣಿಯನ್ನು ನೋಡಲು ಪಕ್ಕದ ಹಗೇವಿನವರೂ ಹತ್ತಕ್ಕೆ ಮೊದಲೇ ಬಂದು ಕೂರುತ್ತಿದ್ದರು.

ನಮ್ಮ ಕೂಟದಲ್ಲಿ ಒಂದು ರೂಢಿ ತಾನಾಗಿ ಬೆಳೆದಿತ್ತು. ನಮ್ಮ ದಾಳ ಮುರಿದ ಗಾಳಿರೆಕ್ಕೆಯ ಚೂರಿನಿಂದ ಕೊರೆದದ್ದು, ಹಗೇವಿನಲ್ಲಿ ತಣ್ಣಗೆ ಕೊರೆಯುತ್ತದೆ. ಕಷ್ಟದ ಘಳಿಗೆ ಬಂದಾಗ ಎಸೆಯುವವರು ಅದನ್ನು ಮೊದಲು ದ್ಯಾಮವ್ವನ ಅಂಗೈಯಲ್ಲಿ ಇಡುತ್ತಿದ್ದರು, 'ಕಾಯಿಸಿ ಕೊಡು' ಎನ್ನುತ್ತಿದ್ದರು. ಅವಳು ಮುಷ್ಟಿ ಕಟ್ಟಿ ಒಂದು ಕ್ಷಣ ಯೋಚಿಸುತ್ತಿದ್ದಳು. ಕೊಟ್ಟರೆ ಎಸೆಯುತ್ತಿದ್ದರು. ಕೊಡದೆ ತಲೆಯಾಡಿಸಿದರೆ ಎಸೆಯದೆ ಬೇರೆ ದಾರಿ ಹುಡುಕುತ್ತಿದ್ದರು. ವಿರೂಪಾಕ್ಷನೂ, ರಾಣಿಯ ಟವೆಲ್ಲಿನಲ್ಲೇ, ಕೈ ಚಾಚುತ್ತಿದ್ದ. ಇದನ್ನೂ ನಾನು ಪ್ರತಿ ಸಲ ಬರೆದುಕೊಂಡೆ, ಮೂಢನಂಬಿಕೆ ಎಂಬ ತಲೆಬರಹದ ಕೆಳಗೆ.

ವರ್ಷದ ಕೊನೆಗೆ ಮುಂದಾಳಿನ ಹೆಸರು ವಿರೂಪಾಕ್ಷ ಹೊಂಬಳ ಎಂದು ಬರೆದೆ. ದ್ಯಾಮವ್ವನ ಬಗ್ಗೆ ಬರೆದ ವಾಕ್ಯ ಇದು: 'ಕೆಲಸ ಬಲ್ಲವಳು, ಆದರೆ ವರ್ಚಸ್ಸಿಲ್ಲ, ಮುಂದೆ ನಿಲ್ಲಿಸತಕ್ಕವಳಲ್ಲ.' ಸಭೆಯಲ್ಲಿ ಅದನ್ನು ಓದುವಾಗ ಅವಳು ಎರಡನೆಯ ಸಾಲಿನಲ್ಲಿದ್ದಳು. ತಲೆಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು. ನಾನು ಅದನ್ನು ನೋಡಿದೆ, ಮುಂದಿನ ಹೆಸರಿಗೆ ಕಿವಿಗೊಟ್ಟೆ.

ಧೂಳು ತಿಂಗಳ ಹದಿನೇಳರಂದು ಆ ತಂಡ ಅರವತ್ತೊಂದನೆಯ ಕಂಬಕ್ಕೆ ಹೋಯಿತು. ರೆಕ್ಕೆ ನಿಲ್ಲಿಸುವ ಬಿರಿ ಸವೆದಿತ್ತು, ಬದಲಿಸಬೇಕಾಗಿತ್ತು. ಖಾದರಸಾಬ ಕೆಳಗೆ ಹಗ್ಗದ ಗಾಲಿಯ ಬಳಿ ನಿಂತ, ಉಳಿದ ಮೂವರು ಮೇಲೆ ಹೋದರು. ಎಂಟು ಗಂಟೆಗೆ ಹೇಳದೇ ಕೇಳದೇ ಗಾಳಿ ಎದ್ದಿತು. ರೇಣವ್ವ ತನ್ನ ಸೊಂಟದ ಕೊಕ್ಕೆಯನ್ನು, ಆಟದಲ್ಲಿ ದಾಳ ಚಾಚುತ್ತಿದ್ದ ಹಾಗೆಯೇ, ದ್ಯಾಮವ್ವನ ಕಡೆ ಚಾಚಿದಳು. ದ್ಯಾಮವ್ವ ತಲೆಯಾಡಿಸಿ ಕೆಳಗೆ ಬೆರಳು ತೋರಿಸಿದಳು. ಆದರೆ ಕಂಬದ ಮೇಲೆ ಮುಂದಾಳಿನ ಮಾತೇ ಕೊನೆ, ಮೀರಿದವರು ಮತ್ತೆ ಕಂಬ ಹತ್ತುವಂತಿಲ್ಲ. ಇನ್ನೂ ಹತ್ತು ನಿಮಿಷದ ಕೆಲಸ, ಮುಗಿಸಿಯೇ ಇಳಿಯೋಣ ಎಂದು ವಿರೂಪಾಕ್ಷ ಹೇಳಿದ. ಚೆನ್ನಾಗಿಯೇ ಹೇಳಿದನಂತೆ, ಅತ್ತೆಯ ತಿಥಿಯ ಮಾತನ್ನೂ ತಂದು ನಗಿಸಿದನಂತೆ. ಏಳನೆಯ ನಿಮಿಷಕ್ಕೆ ಬಿರಿ ಜಾರಿತು. ರೇಣವ್ವನ ಬಲಗೈಯ ಮೂರು ಬೆರಳು ಹೋದವು.

ಅವರು ಹೇಗೆ ಇಳಿದರೆಂದು ವಿಚಾರಣೆಯಲ್ಲಿ ವಿರೂಪಾಕ್ಷನೇ ಹೇಳಿದ. ಅವನು ಏನನ್ನೂ ಮುಚ್ಚಿಡಲಿಲ್ಲ, ಅವನನ್ನು ಈ ಓಲೆಯಲ್ಲಿ ಯಾರೂ ಕೆಟ್ಟವನೆಂದು ಓದಬಾರದು.

"ನಾ ಬಾಯಿ ತೆರೆದೆ, ಮಾತು ಬರಲಿಲ್ಲ. ಬಂದಿದ್ರೂ ಕೇಳವರು ಯಾರೂ ಇರಲಿಲ್ಲ ಬಿಡ್ರಿ. ರೇಣಿ ಆಗಲೇ ದ್ಯಾಮವ್ವನ ಕಡೆ ತಿರುಗಿದ್ಲು. ಕೆಳಗ ಖಾದರಣ್ಣ ದ್ಯಾಮವ್ವನ ಕೈಸನ್ನಿ ನೋಡಿ ಹಗ್ಗ ಬಿಡಾಕತ್ತಿದ್ದ. ನಾನೂ ಆಕಿ ಮಾರಿನಽ ನೋಡಾಕತ್ತಿದ್ದೆ."

ಸಭೆ ನನ್ನ ಕೂಟದ ಬರಹಗಳನ್ನು ತರಿಸಿತು, ನನ್ನಿಂದಲೇ ಎಣಿಸಿತು. ನಲವತ್ತಾರು ಕೂಟಗಳಲ್ಲಿ ಪ್ರಾಣಕ್ಕೆ ಸಂಚಕಾರದ ಘಳಿಗೆ ಐವತ್ತೆಂಟು ಸಲ ಬಂದಿತ್ತು. ಐವತ್ತೊಂದು ಸಲ ದಾಳ ದ್ಯಾಮವ್ವನ ಅಂಗೈ ಸೇರಿ ಬಂದಿತ್ತು. ಅವಳು ರಾಣಿಯಾಗಿದ್ದಾಗ ಹದಿನೈದು ಸಲ, ಮೂಕ ಕಲ್ಲುಕುಟಿಗನಾದ ಮೇಲೆ ಮೂವತ್ತಾರು ಸಲ. ಪ್ರತಿಯೊಂದೂ ನನ್ನ ಅಕ್ಷರದಲ್ಲಿತ್ತು, ತಾರೀಖಿನ ಸಮೇತ. ಒಂದನ್ನೂ ನಾನು ಬಿಟ್ಟಿರಲಿಲ್ಲ, ಮತ್ತು ಒಂದನ್ನೂ ಓದಿರಲಿಲ್ಲ. ಸುದ್ದಿಯನ್ನು ಬರೆದವನಿಗೇ ಸುದ್ದಿ ಗೊತ್ತಾಗದೆ ಹೋದ ಪ್ರಕರಣ ಇದು. ಕಣ್ಣ ಮುಂದೆ ಒಂದು ವರ್ಷ ನಡೆದ ವರ್ಚಸ್ಸನ್ನು ನಾನು ಮೂಢನಂಬಿಕೆ ಎಂದು ಕರೆದೆ. ನನ್ನನ್ನು ನಗಿಸಿದ್ದನ್ನು ವರ್ಚಸ್ಸು ಎಂದು ಕರೆದೆ.

ಕೂಟಗಾರನ ವಾಕ್ಯವನ್ನು ಏಳು ವರ್ಷಕ್ಕಿಂತ ಮೊದಲು ಅಳಿಸಲು ಒಂದೇ ದಾರಿ. ಬರೆದವನೇ ಹಿಂದೋಲೆ ಬರೆಯಬೇಕು, ಸಭೆ ಅದನ್ನು ಒಪ್ಪಬೇಕು. ಒಪ್ಪಿದ ದಿನವೇ ಅವನ ಕೂಟಗಾರಿಕೆ ಮುಗಿಯುತ್ತದೆ. ಎಣಿಕೆ ಮುಗಿದ ಸಂಜೆಯೇ ನಾನು ಬರೆಯಬಹುದಿತ್ತು. ಎಪ್ಪತ್ತೊಂದು ದಿನ ಬರೆಯಲಿಲ್ಲ. ಹಗೇವಿನಲ್ಲಿ ಎಲ್ಲರೂ ನನ್ನ ಬಾಯಿ ನೋಡುತ್ತ ಕೂರುವ ಆ ಆರು ತಾಸುಗಳನ್ನು ಬಿಡಲು ಮನಸ್ಸಾಗಲಿಲ್ಲ. ವಿರೂಪಾಕ್ಷ ಮುಂದಾಳುತನ ಬಿಟ್ಟುಕೊಟ್ಟಿದ್ದ, ದ್ಯಾಮವ್ವನಿಗೆ ನನ್ನ ವಾಕ್ಯ ಅಡ್ಡವಿತ್ತು, ಅಷ್ಟು ದಿನ ಆ ತಂಡ ಮುಂದಾಳಿಲ್ಲದೆ ಕೆಳಗೆ ಕೂತಿತು. ನಡುವೆ ಒಮ್ಮೆ ದ್ಯಾಮವ್ವನ ಮನೆಗೆ ಹೋಗಿ ಒಳಗೊಳಗೇ ಕ್ಷಮೆ ಕೇಳಿ ಮುಗಿಸಲು ನೋಡಿದೆ. ಅವಳು ಹಗ್ಗ ಹೊಸೆಯುತ್ತಿದ್ದಳು. ಮೊದಲ ಅಕ್ಷರ ಬಿಡುವವರೆಗೆ ಕಾದೆ. ಜೀವಮಾನದಲ್ಲಿ ಮೊದಲ ಸಲ ಕಾದೆ ಎನ್ನಬೇಕು.

"ನನಗ್ಯಾಕ ಹೇಳ್ತೀರಿ, ಮಾಸ್ತರ? ರೇಣಿ ಎಡಗೈಲೆ ದಾಳ ಒಗಿಯೂದು ರೂಢಿ ಮಾಡ್ಕೊಳ್ಳಾಕತ್ತಾಳ. ಆಕಿಗೆ ಹೇಳ್ರಿ. ನನಗ ಹೇಳೂದಿದ್ರ ಎಲ್ಲಿ ಓದಿಸಿದ್ರಿ ಅಲ್ಲೇ ಹೇಳ್ರಿ."

ಅದಾಗಿ ಒಂಬತ್ತು ದಿನ ಕಳೆದ ಮೇಲೆ ಈ ಓಲೆ ಬರೆಯಲು ಕೂತಿದ್ದೇನೆ. ರೇಣವ್ವನ ಮನೆಗೂ ಹೋಗಿ ಬಂದೆ. ಅವಳು ಬಾಗಿಲು ತೆರೆದಳು, ಚಹಾ ಕೊಟ್ಟಳು. ಕಪ್ಪನ್ನು ಎಡಗೈಯಲ್ಲಿ ತಂದಳು.

ಹಿರಿಯರೇ, ನಿಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ನೀಲಿ ಶಾಯಿಯ ಆ ನೋಟ್‌ಬುಕ್ಕು ಈಗ ನಿಮ್ಮಲ್ಲಿ ಯಾರದೋ ಮೇಜಿನ ಮೇಲಿದೆ. ದಯಮಾಡಿ ಆ ಇತ್ಯಾದಿಯನ್ನು ಬಿಡಿಸಿ ಬರೆಯಿರಿ. ವರ್ಚಸ್ಸು ಒಬ್ಬರ ಬಾಯಿಯಲ್ಲಿ ಇರುವುದಲ್ಲ, ಅಪಾಯ ಬಂದಾಗ ಉಳಿದವರು ಯಾರ ಕಡೆ ತಿರುಗುತ್ತಾರೋ ಆ ತಿರುಗುವಿಕೆಯಲ್ಲಿ ಇರುವುದು ಎಂದು ಬರೆಯಿರಿ. ಮಾತು ತಡೆಯುವವರಿಗೆ ರಾಣಿಯ ಪಾತ್ರ ಬಂದರೆ ದಾಳ ಕೊಡಿ ಎಂದು ಬರೆಯಿರಿ. ರಾಣಿ ಏನು ಮಾಡುತ್ತಾಳೆ ಎಂದು ಕೇಳಿದರೆ ಸಾಕು, ಹೇಗೆ ಹೇಳುತ್ತಾಳೆ ಎಂಬುದನ್ನು ಸಂಖ್ಯೆ ನೋಡಿಕೊಳ್ಳುತ್ತದೆ. ರಾಕ್ಷಸನಿಗೆ ಅಷ್ಟು ರಿಯಾಯಿತಿ ಕೊಟ್ಟವರು ರಾಣಿಗೂ ಕೊಡಬಹುದು. ನೀವು ಬರೆಯಲಿಲ್ಲ ಎಂಬುದಕ್ಕೆ ನನ್ನ ಕೈಯಲ್ಲಿರುವ ನೋಟ್‌ಬುಕ್ಕೇ ಸಾಕ್ಷಿ, ಅದರಲ್ಲಿ ಇನ್ನೂ ಮೂರೇ ಪದಗಳಿವೆ. ಆದರೂ ಕೇಳುತ್ತಿದ್ದೇನೆ. ತಪ್ಪು ನಿಮ್ಮದೆಂದು ಅಲ್ಲ. ಮೂರು ಪದದ ಆಚೆ ಕಣ್ಣು ತೆರೆದು ನೋಡಲು ನನಗೆ ಹತ್ತೊಂಬತ್ತು ವರ್ಷ ಇತ್ತು.

ನಾಳೆ ಸಭೆ. ಹಿಂದೋಲೆಯನ್ನು ಯಾರು ಓದಬೇಕೆಂದು ಹೇಳುವ ಹಕ್ಕು ನೊಂದವರದು. ದ್ಯಾಮವ್ವ ಯಾರನ್ನಾದರೂ ಗೊತ್ತುಮಾಡುತ್ತಾಳೆ ಎಂದುಕೊಂಡಿದ್ದೆ. ತಾನೇ ಓದುತ್ತೇನೆ ಎಂದು ಇವತ್ತು ಮುಚ್ಚುಹೊತ್ತು ಮುಗಿದೊಡನೆ ಹೇಳಿಕಳಿಸಿದ್ದಾಳೆ. ಆಗಲೇ ಅರ್ಧ ಬರೆದಾಗಿತ್ತು. ಮತ್ತೆ ಮೊದಲಿನಿಂದ ನೋಡಿ, ಅವಳ ನಾಲಿಗೆ ತಡೆಯುವ ಅಕ್ಷರಗಳನ್ನೆಲ್ಲ ತೆಗೆದು ಹಗುರ ಪದಗಳನ್ನು ಹಾಕೋಣವೆಂದು ಹೊರಟೆ. ನಾಲ್ಕು ಸಾಲು ತಿದ್ದಿದ ಮೇಲೆ ನಾನು ಮತ್ತೆ ಮರಳುಗಡಿಯಾರ ತಿರುಗಿಸುತ್ತಿದ್ದೇನೆಂದು ತಿಳಿಯಿತು. ತಿದ್ದಿದ್ದನ್ನು ಹೊಡೆದುಹಾಕಿ ಮೊದಲಿನಂತೆಯೇ ಬರೆದಿದ್ದೇನೆ.

ಓಲೆ ಉದ್ದವಾಗಿದೆ. ನಾಳೆ ಅವಳು ಎದ್ದು ನಿಲ್ಲುತ್ತಾಳೆ, ಮೊದಲ ಅಕ್ಷರದಲ್ಲಿ ನಿಲ್ಲುತ್ತಾಳೆ, ಇಡೀ ಕಂಬದೂರು ಕಾಯುತ್ತದೆ. ಮುಚ್ಚುಹೊತ್ತು ಶುರುವಾದರೂ ಯಾರೂ ಏಳುವುದಿಲ್ಲ. ಆ ಮೌನದಲ್ಲಿ ಮೊದಲ ಸಾಲಿನಲ್ಲಿ ಕೂತಿರಬೇಕಾದವನು ನಾನು. ನಿಮ್ಮಿಂದ ಬೀಳ್ಕೊಳ್ಳುತ್ತೇನೆ, ಕೆಳಗೆ ನನ್ನ ಹೆಸರಿದೆ. ಅದನ್ನೂ ಅವಳೇ ಓದಬೇಕು.

ಮಲಕಾಜಪ್ಪ ಅಸುಂಡಿ
ಈ ಹೊತ್ತಿನವರೆಗೆ ಕೂಟಗಾರ